ಬರಿಗೈ ನಡಿಗೆ

ಕೆಲಮಂಗಲದ ಆಚೆಗಿನ ಆ ಊರಿನಲ್ಲಿ ಹೆಂಗಸೊಬ್ಬಳು ಬೆಳಗ್ಗೆ ಬರಿಗೈಯಲ್ಲಿ ರಸ್ತೆಗಿಳಿದರೆ ಗಂಡನ ಜೊತೆ ಜಗಳವಾಡಿ ಹೊರಟಳು ಎಂದೇ ಅರ್ಥ. ಬಿಂದಿಗೆಯೋ ಕುಡುಗೋಲೋ ಕೈಯಲ್ಲಿದ್ದರೆ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ದರಿದ್ರ ಕಾಯ್ದೆ ವರಲಕ್ಷ್ಮಮ್ಮನಿಗೆ ತಿಳಿದದ್ದು ಐವತ್ತೆರಡು ತುಂಬಿದ ಮೇಲೆ, ಸಕ್ಕರೆ ಕಾಯಿಲೆ ಬಂದಾಗ.

ಡೆಂಕಣಿಕೋಟೆಯ ಡಾಕ್ಟರಮ್ಮ ಅಂಗಾಲಿಗೆ ಕಡ್ಡಿಯಂಥದ್ದೇನನ್ನೋ ಒತ್ತಿ, "ಗೊತ್ತಾಯ್ತಾ?" ಎಂದಿದ್ದರು.

"ಒತ್ತಿದ್ರಾ?" ಎಂದಳು ವರಲಕ್ಷ್ಮಮ್ಮ.

ಅಕ್ಕ ಇಂದ್ರಮ್ಮನ ಕಾಲಿನ ಎರಡು ಬೆರಳು ಇದೇ ಕಾಯಿಲೆಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ದಿನಾ ಮುಕ್ಕಾಲು ಗಂಟೆ, ಚಪ್ಪಲಿ ಮೆಟ್ಟಿ, ಎಲ್ಲೂ ನಿಲ್ಲದೆ ಬಿರಬಿರನೆ ನಡೆಯಬೇಕು ಎಂದರು ಡಾಕ್ಟರಮ್ಮ. ಅವಳು ತಲೆಯಾಡಿಸಿ ಬಂದಳು.

ಮೊದಲ ದಿನ ಹತ್ತು ಮನೆ ದಾಟುವಷ್ಟರಲ್ಲಿ ನಾಲ್ವರು ತಡೆದರು. "ಎತ್ಲಾಗಮ್ಮ ಹೊಂಟೆ?"

"ಎಲ್ಗೂ ಇಲ್ಲ. ಸುಮ್ಕೆ ನಡ್ಯಾಕೆ."

ಪಕ್ಕದ ಮನೆ ಗಂಗರತ್ನಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಹೊಲ್ದಾಗೆ ನಡ್ದಿದ್ದು ಸಾಲ್ದಾ? ಪ್ಯಾಟೆ ಹೆಂಗಸ್ರ ತೆವಲು ನಿಂಗ್ಯಾಕೆ?" ಸಂಜೆಯ ಹೊತ್ತಿಗೆ, ಟೀ ಅಂಗಡಿಯಲ್ಲಿ ಕೂತಿದ್ದ ಗಂಡ ಸೊಣ್ಣಪ್ಪನಿಗೆ ಹೆಂಡತಿ ಮುನಿಸಿಕೊಂಡು ಹೋದ ಸುದ್ದಿ ಮುಟ್ಟಿತ್ತು.

ಮರುದಿನ ಅವಳು ಹಾಲಿನ ಕ್ಯಾನು ಹಿಡಿದು ಹೊರಟಳು. ಡೈರಿ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ನೀಲಗಿರಿ ತೋಪಿನ ಹತ್ತಿರ. ಯಾರೂ ತುಟಿ ಪಿಟಿಕ್ಕೆನ್ನಲಿಲ್ಲ. ಒಳ್ಳೆ ಉಪಾಯ ಸಿಕ್ಕಿತೆಂದು ಹಿಗ್ಗಿದಳು, ಪೆದ್ದಿ.

ನಾಲ್ಕನೇ ದಿನ ಗಂಗರತ್ನಮ್ಮ, "ಎಂಗೂ ಹೋಗ್ತೀಯಲ್ಲ" ಎಂದು ತನ್ನ ಕ್ಯಾನನ್ನೂ ಕೊಟ್ಟಳು. ವಾರದೊಳಗೆ ಎದುರುಮನೆ ಶಶಿಕಲಾಳದೂ ಸೇರಿತು. ಬರುವಾಗ ಒಂದು ಹೊರೆ ಹುಲ್ಲು ತರಲು ಸೊಣ್ಣಪ್ಪ ಹೇಳಿದ. ಹಾಲು ತುಳುಕದಂತೆ ಮೆಲ್ಲಗೆ ಹೆಜ್ಜೆ ಹಾಕಬೇಕು, ಡೈರಿಯ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕು, ಹುಲ್ಲು ಹೊತ್ತು ಮರಳಬೇಕು. ಸೀರೆಗೆಲ್ಲ ಹುಳಿ ಹಾಲಿನ ನಾತ. ಆದರೂ ಎರಡು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ, ಅದೇ ಅವಳ ಹೆಮ್ಮೆ.

ಮತ್ತೆ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವುದಿರಲಿ, ಇನ್ನಷ್ಟು ಏರಿತ್ತು. ಡಾಕ್ಟರಮ್ಮ ಬಿಡಿಸಿ ಬಿಡಿಸಿ ಕೇಳಿದರು. ಕ್ಯಾನು, ಸಾಲು, ಹುಲ್ಲು ಎಲ್ಲವನ್ನೂ ಹೇಳಿದಳು.

"ಇದು ವಾಕಿಂಗ್ ಅಲ್ಲಮ್ಮ, ಕೂಲಿ. ಕೂಲಿ ಮಾಡ್ತಾ ಇದ್ದೀರಿ" ಎಂದರು ಅವರು.

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಗಂಗರತ್ನಮ್ಮನ ಸೆರಗಿನ ನಗುವಿನ ಮೇಲೆ, ಗಂಡನ ಹುಲ್ಲಿನ ಮೇಲೆ, ಮೂಗಿಗೆ ಅಂಟಿಕೊಂಡ ಆ ಹುಳಿ ನಾತದ ಮೇಲೆ. ಎಲ್ಲಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಮೇಲೆಯೇ. ಯಾರೋ ನಗುತ್ತಾರೆಂದು ಹೆದರಿ ಕಾಲನ್ನೇ ಕಳೆದುಕೊಳ್ಳಲು ಹೊರಟಿದ್ದಳಲ್ಲ! ಥೂ, ಎಂಥ ಬಾಳು ಅನಿಸಿತು.

ಮರುದಿನ ಬೆಳಗ್ಗೆ ಜಗಲಿಯ ಮೇಲೆ ಮೂರು ಕ್ಯಾನು ಕಾದಿದ್ದವು. ಅವಳು ಚಪ್ಪಲಿ ಮೆಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗೈ ಬೀಸಿಕೊಂಡು ಬೀದಿಗಿಳಿದಳು. "ಏಯ್, ನಮ್ಮ್ ಹಾಲು!" ಎಂದು ಗಂಗರತ್ನಮ್ಮ ಕೂಗಿದಳು. ವರಲಕ್ಷ್ಮಮ್ಮ ತಿರುಗಲಿಲ್ಲ.

ಸೊಣ್ಣಪ್ಪ ಖಾಲಿ ಕ್ಯಾನೊಂದನ್ನು ಹಿಡಿದು ಏದುಸಿರು ಬಿಡುತ್ತ ಹಿಂದೆಯೇ ಓಡಿಬಂದ. "ಮಾನ ಕಳೀಬ್ಯಾಡ ಕಣೇ. ಇದನ್ನಾದ್ರೂ ಹಿಡ್ಕಂಡೋಗು. ನೋಡೋರಿಗೆ ಚೆಂದಾಗಿರ್ತದೆ."

"ಚೆಂದಾಗಿದ್ರೆ ನೀವೇ ಹಿಡ್ಕಂಡು ಓಡಾಡಿ. ನನ್ ಕಾಲು ಹೋದ್ರೆ ನೋಡೋರು ತಂದ್ಕೊಡ್ತಾರಾ?"

ಅವನು ಕ್ಯಾನು ಹಿಡಿದು ಮನೆ ಕಡೆ ತಿರುಗುವಷ್ಟರಲ್ಲಿ ಅವಳು ತೋಪಿನ ತಿರುವು ದಾಟಿದ್ದಳು.