ದಫೇದಾರರು ಹೊದಿಸಿದ ಶಾಲು

ಸಾಗರದಲ್ಲಿ ನನ್ನ ಹೊಲಿಗೆ ಅಂಗಡಿಯ ಹಿಂದೆ ಒಂದು ಗುಜರಿ ಅಂಗಡಿಯಿದೆ. ಮೊನ್ನೆ ಮಧ್ಯಾಹ್ನ ಅಲ್ಲಿ ಯಾರೋ ಹಳೆಯ ವಯರಿನ ಸಿಂಬಿಗೆ ಬೆಂಕಿ ಕೊಟ್ಟರು. ಒಳಗಿನ ತಾಮ್ರ ಬಿಡಿಸಲು ಅದೇ ಸುಲಭದ ದಾರಿಯಂತೆ. ಸುಟ್ಟ ಪ್ಲಾಸ್ಟಿಕ್ಕಿನ ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ, ಅಳತೆ ಕೊಡುತ್ತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಟೇಪು ಹಿಡಿದು ನಿಂತೇ ಇದ್ದೆ. ಆ ವಾಸನೆ ಬಂದರೆ ನನಗೆ ಒಬ್ಬರು ಪೊಲೀಸರು ನೆನಪಾಗುತ್ತಾರೆ. ಕೆಟ್ಟ ಪೊಲೀಸರಲ್ಲ. ಕೆಟ್ಟವರಾಗಿದ್ದರೆ ಎಂದೋ ಬೈದು ಮರೆತುಬಿಡುತ್ತಿದ್ದೆ.

ಆಗ ನಾವು ಹೊಸನಗರದ ಹತ್ತಿರ, ತೀರ್ಥಹಳ್ಳಿ ಕಡೆ ಹೋಗುವ ರಸ್ತೆಯ ಒಂದು ಕೇರಿಯಲ್ಲಿದ್ದೆವು. ಅವರು ನಮ್ಮ ಭಾಗದ ಬೀಟು ನೋಡುತ್ತಿದ್ದ ದಫೇದಾರರು. ದಿನಕ್ಕೊಂದು ಸಲ ಅವರ ಬೈಕು ನಮ್ಮ ಕೇರಿಯನ್ನು ಸುತ್ತಿ ಹೋಗುತ್ತಿತ್ತು. ಕೇರಿಯ ನಾಯಿಗಳೂ ಆ ಬೈಕಿಗೆ ಬೊಗಳುವುದನ್ನು ಬಿಟ್ಟಿದ್ದವು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ರೈನ್‌ಕೋಟಿನಲ್ಲೇ ಕತ್ತಿ ಹಿಡಿದು ಮೊದಲು ಇಳಿಯುತ್ತಿದ್ದವರು ಅವರೇ. ಮರೆವಿನ ಅಜ್ಜನೊಬ್ಬ ದಾರಿ ತಪ್ಪಿ ಹೋದಾಗ, ಕವಲೇದುರ್ಗದ ಕೋಟೆಯ ಕಲ್ಲಿನ ಮೇಲೆ ಕೂತಿದ್ದವನನ್ನು ಹುಡುಕಿ, ಬೈಕಿನ ಹಿಂದೆ ಕೂರಿಸಿ ತಮ್ಮ ಸೊಂಟಕ್ಕೆ ಪಂಚೆಯಲ್ಲಿ ಕಟ್ಟಿಕೊಂಡು ಮನೆಗೆ ತಂದು ಬಿಟ್ಟಿದ್ದರು. ಆ ದೃಶ್ಯ ನೋಡಿ ನಕ್ಕವರೇ ಆಮೇಲೆ ಕಣ್ಣು ಒರೆಸಿಕೊಂಡರು. ಪೊಲೀಸರೆಂದರೆ ಒಳಗೆ ಓಡುತ್ತಿದ್ದ ಹೆಂಗಸರು ಇವರಿಗೆ ಮಾತ್ರ ಕರೆದು ಮಜ್ಜಿಗೆ ಕೊಡುತ್ತಿದ್ದರು.

ಅಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅವಳ ಜೊತೆ ಇನ್ನೊಬ್ಬ ಅಡುಗೆಯವಳು ನಮ್ಮ ಪಕ್ಕದ ಮನೆಯವಳೇ. ನಾನು ಅವಳನ್ನು ಅತ್ತೆ ಎನ್ನುತ್ತಿದ್ದೆ. ನೆಂಟಸ್ತನವೇನೂ ಇರಲಿಲ್ಲ, ಆದರೆ ಅಪ್ಪ ತೀರಿಕೊಂಡ ವರ್ಷ ನಮ್ಮಿಬ್ಬರಿಗೂ ಅನ್ನ ಬೆಂದದ್ದು ಅವಳ ಒಲೆಯ ಮೇಲೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗುವುದು, ಒಟ್ಟಿಗೆ ಬರುವುದು. ಒಬ್ಬಳು ಹುಳಿ ಕುದಿಸಿದರೆ ಇನ್ನೊಬ್ಬಳು ಉಪ್ಪು ನೋಡುವುದು. ಅತ್ತೆಯ ಒಬ್ಬನೇ ಮಗ ಪೇಟೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ.

ಒಂದು ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಹೊಳೆದಂಡೆಯ ಪಂಪ್‌ಸೆಟ್ಟುಗಳು ಒಂದೊಂದಾಗಿ ಮಾಯವಾಗತೊಡಗಿದವು. ನೀರಿಲ್ಲದೆ ಸಣ್ಣ ಹಿಡುವಳಿಯವರ ಗದ್ದೆ ತೋಟ ಒಣಗಿದವು. ಆ ದಿನಗಳಲ್ಲೇ ಅಮ್ಮ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ ಪಕ್ಕದ ಮನೆಯ ಬಚ್ಚಲೊಲೆಯಿಂದ ಘಾಟು ಬಂತು. ಅಡಿಕೆ ಸಿಪ್ಪೆಯ ಹೊಗೆಯಲ್ಲ, ವಯರು ಸುಟ್ಟ ವಾಸನೆ. ಮನೆಯಲ್ಲಿ ಮಗನೊಬ್ಬನೇ ಇದ್ದ. ಮತ್ತೆರಡು ಸಲ ಹಾಗೇ ಆಯಿತು. ಅಮ್ಮ ಒಬ್ಬಳೇ ಲೆಕ್ಕ ಹಾಕಿದಳು. ಅತ್ತೆಗೆ ಹೇಳಿದರೆ ಅವಳು ಮಗನನ್ನು ಎಲ್ಲಿಗಾದರೂ ಸಾಗಿಸಿಬಿಡುತ್ತಾಳೆ. ಹೇಳದಿದ್ದರೆ ನಾಳೆ ಇನ್ನೊಬ್ಬ ಬಡವನ ಪಂಪು ಹೋಗುತ್ತದೆ...

ಒಂದು ದಿನ ದಫೇದಾರರು ಶಾಲೆಯ ಅಡುಗೆಮನೆಗೆ ಮಜ್ಜಿಗೆಗೆಂದು ಬಂದಾಗ, ಅತ್ತೆ ನೀರಿಗೆ ಹೋಗಿದ್ದಳು. ಅಮ್ಮ ಅವರ ಬಳಿ ಹೇಳಿಬಿಟ್ಟಳು. ಸಂಜೆ ನನ್ನ ಹತ್ತಿರ ಒಂದೊಂದು ಮಾತನ್ನೂ ಒಪ್ಪಿಸಿದಳು.

"ಅವನಿಗೆ ಹೊಡೀಬೇಡಿ ಮಾರಾಯ್ರೆ. ಮತ್ತೆ ನಾನು ಹೇಳಿದ್ದು ಅಂತ..."

"ನಿಮ್ಮ ಹೆಸ್ರು ನನ್ನ ಬಾಯಿಂದ ಬರಲ್ಲ ಅಕ್ಕಾ. ಧೈರ್ಯವಾಗಿರಿ," ಎಂದಿದ್ದರಂತೆ ಅವರು.

ಹೊಡೆಯಲಿಲ್ಲ, ನಿಜ. ಮಗನನ್ನು ಕರೆದುಕೊಂಡು ಹೋಗಿ ಕೂರಿಸಿ ಕೇಳಿದರು. ಅವನ ಬಾಯಿಂದ ಹೊರ ಊರಿನವರ ಒಂದು ಗುಂಪೇ ಸಿಕ್ಕಿತು, ಪಂಪುಗಳೂ ಸಿಕ್ಕವು. ಅವನೂ ಜೈಲು ಕಂಡ. ಅತ್ತೆ ಅತ್ತದ್ದು ಅಮ್ಮನ ಹೆಗಲ ಮೇಲೆಯೇ. ಜಾಮೀನಿಗೆ ಓಡಾಡುವಾಗ ಬುತ್ತಿ ಕಟ್ಟಿಕೊಂಡು ಜೊತೆಗೆ ಹೋದವಳೂ ಅಮ್ಮನೇ. "ಯಾರು ಹೇಳಿದ್ದಿರ್ಬೌದೇ?" ಎಂದು ಅತ್ತೆ ಕೇಳಿದಾಗಲೆಲ್ಲ ಅಮ್ಮ ಹುಳಿಗೆ ಸೌಟು ಹಾಕುತ್ತಿದ್ದಳಂತೆ.

ಅಷ್ಟಕ್ಕೇ ನಿಂತಿದ್ದರೆ ಕಾಲ ಎಲ್ಲವನ್ನೂ ಮುಚ್ಚುತ್ತಿತ್ತು. ಆದರೆ ಊರಿನ ಸಂಘದವರೊಬ್ಬರಿಗೆ ಒಳ್ಳೆಯ ಬೀಟು ಪೊಲೀಸರನ್ನು ಸನ್ಮಾನಿಸಬೇಕೆನ್ನಿಸಿತು. ಆಗಲಿ, ಯಾರು ಬೇಡ ಎಂದರು? ಬೇರೆಯವರನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುವ ನಮ್ಮೂರಿನಲ್ಲಿ ದಫೇದಾರರ ಹೆಸರಿಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಕಾರ್ಯಕ್ರಮ ಶಾಲೆಯ ಸಭಾಂಗಣದಲ್ಲಿ ಎಂದಾಯಿತು. ಉಪ್ಪಿಟ್ಟು, ಕೇಸರಿಬಾತು ಮಾಡುವ ಕೆಲಸ ಬಿದ್ದದ್ದು ಬಿಸಿಯೂಟದ ಅಡುಗೆಯವರಿಬ್ಬರ ಮೇಲೆ. ಬೇಡವೆನ್ನುವ ಹಾಗಿರಲಿಲ್ಲ. ಅಡುಗೆ ಮುಗಿಸಿ ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

ವೇದಿಕೆಯಲ್ಲಿ ಅವರಿಗೆ ಪೇಟ ತೊಡಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಶಾಲು ಹೊದಿಸಿದರು. ಭಾಷಣಕಾರರೊಬ್ಬರು ಪಂಪ್‌ಸೆಟ್ಟು ಕಳ್ಳರನ್ನು ಹಿಡಿದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದರು. ಅತ್ತೆ ತಲೆ ಎತ್ತಲಿಲ್ಲ. ನಮ್ಮ ಕಡೆ ಒಂದು ರೂಢಿಯಿದೆ. ಸನ್ಮಾನ ಮಾಡಿಸಿಕೊಂಡವರು, ಸಭೆಯಲ್ಲಿ ತಮ್ಮ ಗುರುಗಳೋ ಹಿರಿಯರೋ ಇದ್ದರೆ, ವೇದಿಕೆಯಿಂದ ಇಳಿದು ಬಂದು ಆ ಶಾಲನ್ನು ಅವರಿಗೆ ಹೊದಿಸುತ್ತಾರೆ. ದಫೇದಾರರೂ ಶಾಲು ತೆಗೆದು ಇಳಿದು ಬಂದರು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ಎದ್ದು ನಿಂತು ಕೈ ಮುಗಿದರು. ಇವರು ಅವರನ್ನು ದಾಟಿ ಹಿಂದೆ ಬಂದರು. ಕೊನೆಯ ಬೆಂಚಿನವರೆಗೆ ಬಂದು, ಅಮ್ಮನ ಹೆಗಲಿಗೆ ಶಾಲು ಹೊದಿಸಿ, ಬಗ್ಗಿ ನಮಸ್ಕರಿಸಿದರು.

ಕೊಟ್ಟ ಮಾತಿನಂತೆ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಅಡುಗೆಯವಳಿಗೆ ಪೊಲೀಸರು ಶಾಲು ಹೊದಿಸುವುದು ಮಜ್ಜಿಗೆ ಕೊಟ್ಟದ್ದಕ್ಕಲ್ಲ. ಅತ್ತೆ ಎದ್ದು ನನ್ನ ಪಕ್ಕದಿಂದಲೇ ಹೊರಗೆ ಹೋದಳು.

ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಕದ್ದವನನ್ನು ಕೇರಿ ಒಂದೇ ಮಳೆಗಾಲದಲ್ಲಿ ಕ್ಷಮಿಸಿತು. ಅಮ್ಮ ಮಾತ್ರ ಉಂಡ ಮನೆಗೆ ಎರಡು ಬಗೆದವಳಾದಳು. ಅದೇ ಅಡುಗೆಮನೆಯಲ್ಲಿ, ಅದೇ ಒಲೆಯ ಮುಂದೆ, ಇಬ್ಬರೂ ಮಾತಿಲ್ಲದೆ ಅನ್ನ ಬಸಿದರು. ಉಪ್ಪು ನೋಡುವವರಿರಲಿಲ್ಲ. ಕೆಲ ತಿಂಗಳಾದ ಮೇಲೆ ಅತ್ತೆ ಮನೆ ಖಾಲಿ ಮಾಡಿ ತೀರ್ಥಹಳ್ಳಿ ಕಡೆಯ ತವರಿಗೆ ಹೋದಳು. ಅವಳು ತೀರಿಕೊಂಡದ್ದು ನಮಗೆ ತಿಳಿದದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ, ಬಸ್ಸಿನಲ್ಲಿ ಸಿಕ್ಕ ಯಾರದೋ ಬಾಯಿಂದ.

ಸನ್ಮಾನದ ಮರುವಾರವೇ ದಫೇದಾರರು ಮನೆಗೆ ಬಂದಿದ್ದರು. ಹಾಲು ಕುಡಿದಷ್ಟು ಖುಷಿ ಅವರ ಮುಖದಲ್ಲಿ. ಅಮ್ಮ ಎಂದಿನಂತೆ ಕಾಫಿ ಕೊಟ್ಟಳು. ನನಗೆ ತಡೆಯಲಾಗಲಿಲ್ಲ.

"ಹೆಸ್ರು ಬರಲ್ಲ ಅಂದಿದ್ರಲ್ಲ ಸಾರ್?"

"ನಾನೆಲ್ಲಿ ಹೇಳ್ದೆ?" ಎಂದು ನಗುತ್ತಲೇ ಕೇಳಿದವರು, ಪಕ್ಕದ ಮನೆಯ ಮುಚ್ಚಿದ ಬಾಗಿಲನ್ನು ನೋಡಿದರು. ನಗು ಹೋಯಿತು. ಲೋಟ ಕೆಳಗಿಟ್ಟು ಎದ್ದರು. ಆ ದಿನದಿಂದ ಅವರ ಬೈಕು ನಮ್ಮ ಮನೆಯ ಮುಂದೆ ನಿಧಾನವೂ ಆಗಲಿಲ್ಲ. ಕೆಲ ತಿಂಗಳಲ್ಲಿ ಬಡ್ತಿಯಾಗಿ ಬೇರೆ ಕಡೆಗೆ ಹೋದರು. ಶಾಲು ಹೊದಿಸಿದ್ದನ್ನು ನಾನು ಕ್ಷಮಿಸಿಯೇನು. ಒಳ್ಳೆಯ ಮನಸ್ಸಿನ ದಡ್ಡತನ ಅದು. ಆದರೆ ತಪ್ಪಾಯಿತು ಎನ್ನುವ ಒಂದು ಮಾತಿಗೆ ಆ ಧೈರ್ಯವಂತನ ಕಾಲು ನಮ್ಮ ಹೊಸ್ತಿಲಿಗೆ ಬರಲಿಲ್ಲವಲ್ಲ, ಅದನ್ನು ಹೇಗೆ ಕ್ಷಮಿಸಲಿ? ಅಮ್ಮ ಬೈಯಲಿಲ್ಲ. "ಒಳ್ಳೆಯವ್ರು ಮಾಡಿದ್ದಕ್ಕೆ ಬೈಯೋಕೂ ಬರಲ್ಲ ಕಣೆ," ಎಂದಳು, ಅಷ್ಟೇ.

ಈ ವರ್ಷ ದಫೇದಾರರು ತೀರಿಕೊಂಡರು. ಸುದ್ದಿಯ ಜೊತೆಗೆ ವಾಟ್ಸಾಪಿನಲ್ಲಿ ಬಂದದ್ದು ಅದೇ ಫೋಟೊ. ಬಡ ತಾಯಿಗೆ ತನ್ನ ಸನ್ಮಾನವನ್ನೇ ಅರ್ಪಿಸಿದ ದೊಡ್ಡ ಮನುಷ್ಯ ಎಂದು ಯಾರೋ ಬರೆದಿದ್ದರು. ತಾಯಿಯ ಕಣ್ಣಲ್ಲಿ ಆನಂದಬಾಷ್ಪ ಎಂದು ಇನ್ನೊಬ್ಬರು ಸೇರಿಸಿದ್ದರು. ಕೆಳಗೆ ಕೈ ಮುಗಿದ ಚಿತ್ರಗಳು ಸಾಲುಸಾಲು. ನಾನು ಅದನ್ನು ಅಮ್ಮನಿಗೆ ತೋರಿಸಿರಲಿಲ್ಲ. ಮೊನ್ನೆ ಅಂಗಡಿಯಿಂದ ಬಂದವಳು ಏನನ್ನಿಸಿತೋ, ತೋರಿಸಿಬಿಟ್ಟೆ.

ಕನ್ನಡಕ ಹಾಕಿಕೊಂಡು ಅಮ್ಮ ಬಹಳ ಹೊತ್ತು ನೋಡಿದಳು. "ಹೋದ್ರಾ... ಪಾಪ," ಎಂದಳು. ಆಮೇಲೆ ಎರಡು ಬೆರಳಿನಿಂದ ಫೋಟೊ ದೊಡ್ಡದು ಮಾಡಿ, ದಫೇದಾರರನ್ನೂ ತನ್ನನ್ನೂ ಪಕ್ಕಕ್ಕೆ ಸರಿಸಿ, ಅಂಚಿಗೆ ತಂದು ನಿಲ್ಲಿಸಿದಳು. ಅಲ್ಲಿ ಮುಖ ಕತ್ತರಿಸಿಹೋದ ಒಬ್ಬ ಹೆಂಗಸಿನ ಅರ್ಧ ಭುಜ. ಕೆಳಗೆ ಬೆಂಚಿನ ಮೇಲೆ ಅಮ್ಮನ ಕೈ. ಅದನ್ನು ಬಿಗಿಯಾಗಿ ಹಿಡಿದಿದ್ದ, ಹಸಿರು ಬಳೆಯ ಇನ್ನೊಂದು ಕೈ.

"ಭಾಷಣ್ದಲ್ಲಿ ಮಗನ ಸುದ್ದಿ ಹೇಳ್ತಿದ್ರಲ್ಲ, ತಡೀಲಾರ್ದೆ ನನ್ನ ಕೈ ಹಿಡ್ಕಂಡಿದ್ಲು," ಎಂದಳು ಅಮ್ಮ. "ನೋಡು, ಇದ್ರಲ್ಲಿ ಇನ್ನೂ ಬಿಟ್ಟಿಲ್ಲ."