ಚೆಂಡುಹೂವಿನ ಪಾತಿಯ ಚಿನ್ನ

ಚನ್ನಬಸಪ್ಪ ಎರಡನ್ನು ನಂಬುತ್ತಿರಲಿಲ್ಲ: ಲಿಂಗಂಪಲ್ಲಿಯಿಂದ ಹೊರಡುವ ಬೆಳಗಿನ ರೈಲು ಮತ್ತು ಉಂಗುರ ತೊಟ್ಟ ಕೈ. ರೈಲಿನ ಮೇಲೆ ಅವನ ಅಧಿಕಾರ ನಡೆಯುತ್ತಿರಲಿಲ್ಲ. ಉಂಗುರದ ಮೇಲೆ ನಡೆಯುತ್ತಿತ್ತು.

ಹೈದರಾಬಾದಿನ ಒಂದು ಸರ್ಕಾರಿ ಭೂವಿಜ್ಞಾನ ಕಚೇರಿಯಲ್ಲಿ ಅವನು ಇಪ್ಪತ್ತಾರು ವರ್ಷ ಕಲ್ಲು ಅರೆದವನು. ಹಳೆಯ ಗಣಿಗಳ ಸುತ್ತಲಿನ ಕಲ್ಲು, ಮಣ್ಣು ನಂಬರು ಬರೆದ ಬಟ್ಟೆ ಚೀಲಗಳಲ್ಲಿ ಬರುತ್ತಿದ್ದವು. ಅವನು ಅರೆದು ಹಿಟ್ಟು ಮಾಡಿ ಕೊಟ್ಟರೆ, ಯಾವುದರಲ್ಲಿ ಏನೆಷ್ಟಿದೆ ಎಂದು ಲ್ಯಾಬಿನವರು ಹೇಳುತ್ತಿದ್ದರು. ಚಿನ್ನ ಹುಡುಕುವ ಮಣ್ಣಿಗೆ ಚಿನ್ನ ತೊಟ್ಟ ಕೈ ತಾಗಿದರೆ ಮುಗಿಯಿತು, ಬೆರಳಿನ ಚಿನ್ನವೇ ಸವೆದು ಭೂಮಿಯ ಚಿನ್ನವಾಗಿಬಿಡುತ್ತದೆ. ಅದಕ್ಕೇ ತನ್ನ ಕೋಣೆಯ ಬಾಗಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದ. ಡೈರೆಕ್ಟರ್ ಸಿದ್ದರಾಮಪ್ಪನವರೇ ಬರಲಿ, ಉಂಗುರ ಡಬ್ಬಿಗೆ ಬಿದ್ದ ಮೇಲೆಯೇ ಒಳಗೆ ಕಾಲಿಡಬೇಕು. ಅವನ ಸ್ವಂತ ಮದುವೆಯ ಉಂಗುರ ಮನೆಯ ಟ್ರಂಕಿನಲ್ಲಿ ಬಿದ್ದಿತ್ತು.

“ನಮ್ಮಪ್ಪ ಅಳಿಯಗ ಉಂಗುರನ ಹಾಕಿಲ್ಲ ಅಂತ ಮಂದಿ ಆಡ್ಕೋತಾರ್ರಿ,” ಎಂದು ಹೆಂಡತಿ ಗಂಗೂಬಾಯಿ ವರ್ಷಕ್ಕೆ ನಾಲ್ಕು ಸಲವಾದರೂ ಗೊಣಗುತ್ತಿದ್ದಳು.

“ರಿಟೈರ್ ಆದ ದಿನ ಹಾಕ್ಕೋತೀನಿ. ನಿಮ್ಮಪ್ಪನ ಮಾನ ಎಲ್ಲಿ ಹೋಗ್ತೈತಿ?”

ರಿಟೈರಿಗೆ ಎಂಟು ತಿಂಗಳಿರುವಾಗ ನರಹರಿ ಎಂಬ ಹೊಸ ಆಫೀಸರ್ ಬಂದ. ಹೊಸ ಮದುವೆ, ಹೊಸ ಉಂಗುರ. ಅನಂತಪುರದ ಕಡೆಯ ಹಳೆಯ ಚಿನ್ನದ ಗುಂಡಿಗಳಿಂದ ನಲವತ್ತು ಚೀಲ ಮಣ್ಣು ತಂದು, ವರಾಂಡದಲ್ಲಿ ಹಾಳೆ ಹಾಸಿ, ಒಂದೊಂದನ್ನೂ ಕೈಯಾರೆ ಕಲಸಿ, ಅರೆಯಲು ಬೇಕಾದಷ್ಟು ಪಾಲು ಮಾಡಿದ.

“ಸಾಹೇಬ್ರ, ಉಂಗುರ ತೆಗೀರಿ.”

“ನಮ್ಮ ಮಾವ ಕೊಟ್ಟದ್ದು, ಬಿಗಿ ಐತಿ. ಬೀಳೂದಿಲ್ಲ ಬಿಡೋ.”

ನಲವತ್ತು ಚೀಲದಲ್ಲೂ ಚಿನ್ನ! ಕಚೇರಿಯಲ್ಲಿ ಪೇಡೆ ಹಂಚಿದರು. ಆದರೆ ಅದೇ ಜಾಗಗಳಿಂದ ಬೇರೆಯವರು ಮತ್ತೆ ತಂದ ಮಣ್ಣಿನಲ್ಲಿ ಚಿನ್ನದ ಸುಳಿವೂ ಇರಲಿಲ್ಲ. ನರಹರಿ ಬೆರಳು ತೋರಿಸಿದ್ದು ಅರೆಯುವವನ ಕಡೆಗೆ. “ಇವನ ಒರಳು ಹೊಲಸೈತ್ರಿ. ಹಿಂದಿನ ಕಲ್ಲಿಂದು ಉಳ್ಕೊಂಡಿರ್ತೈತಿ.” ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಚನ್ನಬಸಪ್ಪನನ್ನು ಸ್ಟೋರಿನ ಕೆಲಸಕ್ಕೆ ಹಾಕುವುದೆಂದು ಮೆಮೊ ಬಂತು.

ಚನ್ನಬಸಪ್ಪ ಇಪ್ಪತ್ತಾರು ವರ್ಷ ತನ್ನ ತಟ್ಟೆಗಿಂತ ಹೆಚ್ಚು ತೊಳೆದ ಒರಳು ಅದು! ಆದರೆ ಆಫೀಸರ್ ಎದುರು ಅಟೆಂಡರ್ ಮಾತು ಯಾರು ಕೇಳುತ್ತಾರೆ? ಅವನು ಕುರ್ಪಿ ತೆಗೆದುಕೊಂಡು ಡೈರೆಕ್ಟರ್ ಕಿಟಕಿಯ ಕೆಳಗಿದ್ದ ಚೆಂಡುಹೂವಿನ ಪಾತಿಯಿಂದ ಒಂದಿಷ್ಟು ಮಣ್ಣು ಅಗೆದ. ಒಣಗಿಸಿ, ಎರಡು ಚೀಲ ಮಾಡಿ, ಎರಡಕ್ಕೂ ಬೇರೆ ಬೇರೆ ನಂಬರು ಬರೆದ. ಒಂದನ್ನು ತಾನೇ ಕಲಸಿ ಪಾಲು ಮಾಡಿದ. ಇನ್ನೊಂದನ್ನು ಹಿಡಿದು ನರಹರಿಯ ಮುಂದೆ ನಿಂತ, ಮುಖದಲ್ಲಿ ಏನೂ ಅರಿಯದ ಕಳೆ.

“ಒಂದು ಚೀಲ ಉಳದಿತ್ರಿ. ನಿಮ್ಮ ಕೈಗುಣ ಚಲೋ ಐತಿ, ನೀವ ಕಲಸಿಕೊಡ್ರಿ.”

ನರಹರಿ ಉಬ್ಬಿಹೋಗಿ ಚೆನ್ನಾಗಿಯೇ ಕಲಸಿದ. ಎರಡನ್ನೂ ಚನ್ನಬಸಪ್ಪ ಒಂದೇ ಒರಳಿನಲ್ಲಿ ಅರೆದು ಲ್ಯಾಬಿಗೆ ಕೊಟ್ಟ.

ವರದಿ ಬಂದ ದಿನ ಸಿದ್ದರಾಮಪ್ಪನವರು ಇಬ್ಬರನ್ನೂ ಕರೆಸಿ ಕನ್ನಡಕ ಏರಿಸಿದರು. “ಇದರಾಗ ಏನೂ ಇಲ್ಲ. ಇದರಾಗ ಮಾತ್ರ ಇಷ್ಟು ಚಿನ್ನ! ಎಲ್ಲಿ ಮಣ್ಣಪಾ ಇದು?”

“ಎರಡೂ ನಿಮ್ಮ ಚೆಂಡುಹೂವಿನ ಪಾತೀದ್ರಿ. ಏನೂ ಇಲ್ಲದ್ದು ನಾ ಕಲಸಿದ್ದು. ಚಿನ್ನ ಇದ್ದದ್ದು ಸಾಹೇಬ್ರು ಕಲಸಿದ್ದು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನರಹರಿಯ ಎಡಗೈ ತಾನಾಗಿಯೇ ಬಲಗೈ ಉಂಗುರವನ್ನು ಮುಚ್ಚಿತು. ಸಿದ್ದರಾಮಪ್ಪನವರು ಹೊಟ್ಟೆ ಹಿಡಿದು ನಕ್ಕರು, ಮೆಮೊ ಹರಿದರು. ಮರುದಿನ ಡಬ್ಬಿಯಲ್ಲಿ ಮೊದಲು ಠಣ್ ಎಂದದ್ದು ನರಹರಿಯ ಮಾವನ ಉಂಗುರ.

ರಿಟೈರಾದ ದಿನ ಗಂಗೂಬಾಯಿ ಗಂಡನ ಬೆರಳಿಗೆ ಸೋಪು ಹಚ್ಚಿ, ಗೆಣ್ಣು ದಾಟಿಸಿ ಉಂಗುರ ಹಾಕಿಯೇ ಬಿಟ್ಟಳು. ಹಾರ, ಭಾಷಣ ಎಲ್ಲ ಮುಗಿದ ಮೇಲೆ ಅವನು ಕೊನೆಯ ಸಲ ಒರಳನ್ನು ಮುಟ್ಟಿಬರೋಣವೆಂದು ಕೋಣೆಗೆ ಹೋದ. ಬಾಗಿಲಲ್ಲಿ ನರಹರಿ ನಿಂತಿದ್ದ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

“ಉಂಗುರ ತೆಗೀರಿ, ಚನ್ನಬಸಪ್ಪನವರ.”

ಚನ್ನಬಸಪ್ಪ ತಿರುವಿದ, ಎಳೆದ, ಉಗುಳು ಹಚ್ಚಿದ. ಉಂಗುರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅವನ ಕಣ್ಣು ತುಂಬಿಬಂತು. ಹೊಸ್ತಿಲಾಚೆ ನಿಂತೇ ಒರಳಿಗೆ ಕೈಮುಗಿದ.

“ಹಿಂಗ ಇರ್ರಿ ಸಾಹೇಬ್ರ,” ಎಂದ, “ನನ್ನಂಥವರನ್ನ ಒಳಗ ಬಿಡಬ್ಯಾಡ್ರಿ.”