ಬಸುರಿಯ ಮುಂದೆ ಆಡದ ಮಾತು

"ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ?" ಎಂದು ಆ ಸೂಲಗಿತ್ತಿ ಕೇಳಿದಾಗ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬಸುರಿಯರನ್ನು ನೋಡಿಕೊಳ್ಳುವವರು ಡಾಕ್ಟರಲ್ಲ, ಅದಕ್ಕೆಂದೇ ಓದಿ ಬಂದ ಸೂಲಗಿತ್ತಿಯರು. ಏನೋ ತೊಂದರೆಯಿದೆ ಎಂದು ಅವರಿಗೆ ಅನಿಸಿದರೆ ಮಾತ್ರ ಡಾಕ್ಟರ ಹತ್ತಿರ ಕಳಿಸುತ್ತಾರೆ. ಇಲ್ಲವಾದರೆ ಬಸಿರು ಕಾಯಿಲೆಯಲ್ಲ, ಮನೆಯ ಮಂಚವೇ ಸಾಕು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯವಳು. ನಮ್ಮೂರಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಅತ್ತೆಯಂದಿರ ಜೊತೆ ಜಗಳವಾಡಿ, ಹೆದರಿಸಿ, ಬೈದು ಹೆಂಗಸರನ್ನು ಆಸ್ಪತ್ರೆಗೆ ಸಾಗಿಸಿದ್ದಾರೆ. ಹೂವಿನ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಸಮುದ್ರ ದಾಟಿ ಹೋದದ್ದು ಮನೆಯಲ್ಲಿ ಹೆರುವುದಕ್ಕಾ?

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಹುಳುಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. "ಅಲ್ಲಿ ಆಸ್ಪತ್ರೆಗಳೇ ಇಲ್ವೇನೇ?" ಎಂದಳು.

"ಇದಾವಮ್ಮ. ಒಳಕ್ಕೆ ಬಿಟ್ಕೊಳಲ್ಲ ಅಷ್ಟೆ."

ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆದರೆ ಕಂಪನಿಯ ರಜೆ ಶುರುವಾಗುವ ಹೊತ್ತಿಗೆ ವಿಮಾನದವರು ತುಂಬು ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಅಮ್ಮನಿಗೆ ವೀಸಾ ಸಿಗಲಿಲ್ಲ. ಇದ್ದದ್ದು ನಾನು, ನನ್ನ ಗಂಡ, ಬಾವಿಯ ಮೆಟ್ಟಿಲಿನಷ್ಟು ಕಡಿದಾದ ಮೆಟ್ಟಿಲಿದ್ದ ಮಹಡಿ ಮನೆ.

ಆ ದೇಶದ ವ್ಯವಸ್ಥೆ ಅರ್ಥವಾಗುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಡಾಕ್ಟರು ನಾಡಿ ಹಿಡಿಯುತ್ತಾರೆ, ಕಣ್ಣು ಕೆಳಗೆಳೆದು ನೋಡುತ್ತಾರೆ, ರೋಗಿ ಬಾಯಿ ಬಿಡುವ ಮೊದಲೇ ಜೊತೆಗೆ ಬಂದವರು ಎಲ್ಲ ಹೇಳಿ ಮುಗಿಸಿರುತ್ತಾರೆ. ಅಲ್ಲಿ ಎಲ್ಲವೂ ನಿನ್ನ ಬಾಯಿಂದಲೇ ಬರಬೇಕು. ಜ್ವರ ಬಂದರೆ ಮೊದಲು ಫೋನೆತ್ತುವ ಹುಡುಗಿಗೆ ವಿವರಿಸಬೇಕು. ಡಾಕ್ಟರು ನೋಡಬೇಕೋ ಬೇಡವೋ ಎಂದು ಅವಳು ತೀರ್ಮಾನ ಮಾಡುತ್ತಾಳೆ. ಮುಕ್ಕಾಲುಪಾಲು ಅವಳ ತೀರ್ಮಾನ ಪ್ಯಾರಸಿಟಮಾಲ್. ಸೊಂಟ ನೋವಿಗೂ ಅದೇ, ಹಲ್ಲು ನೋವಿಗೂ ಅದೇ.

"ನನಗೆ ಭಯ, ಆಸ್ಪತ್ರೆಯಲ್ಲೇ ಮಾಡಿಸಿ" ಎಂದು ಹೋದಾಗಲೆಲ್ಲ ಆ ಸೂಲಗಿತ್ತಿಗೆ ಹೇಳಿದೆ. ಅವಳು ಒಳ್ಳೆಯವಳೇ. ಕೈ ಹಿಡಿದುಕೊಂಡು, "ಭಯ ಸಹಜ, ನಿಮ್ಮ ದೇಹಕ್ಕೆ ಎಲ್ಲ ಗೊತ್ತಿದೆ" ಎನ್ನುತ್ತಿದ್ದಳು. ಅಷ್ಟು ಹಟವಿದ್ದರೆ ನೋವು ಬಂದ ಮೇಲೆ ಆಸ್ಪತ್ರೆಯ ಒಂದು ಕೋಣೆಗೆ ಬರಬಹುದು, ಅಲ್ಲೂ ಇರುವವಳು ತಾನೇ, ಡಾಕ್ಟರಲ್ಲ ಎಂದಳು. ಆಮೇಲೆ, "ನಿಮ್ಮ ತಾಯಿಗೆ ಹೆರಿಗೆಯಲ್ಲಿ ಏನಾದರೂ ತೊಂದರೆ ಆಗಿತ್ತೇ? ಕೇಳಿಕೊಂಡು ಬನ್ನಿ" ಎಂದಳು.

ಅವತ್ತು ಸಂಜೆಯೇ ಕೇಳಿದೆ. "ಏನೂ ಇಲ್ಲ ಕಣಮ್ಮ, ಬೆಣ್ಣೇಲಿ ಕೂದ್ಲು ತೆಗ್ದಂಗಾಯ್ತು. ನೀನು ಹೊಟ್ಟೆ ತುಂಬಾ ಉಣ್ಣು" ಎಂದಳು ಅಮ್ಮ. ನಾನು ಹೋಗಿ ಹಾಗೆಯೇ ಒಪ್ಪಿಸಿದೆ. ಸೂಲಗಿತ್ತಿ ಸಮಾಧಾನದಿಂದ ತಲೆಯಾಡಿಸಿದಳು.

ನೋವು ಶುರುವಾದಾಗ ಸೂಲಗಿತ್ತಿಗೆ ಫೋನು ಮಾಡಿದೆವು. ಇನ್ನೂ ಸಮಯವಿದೆ, ಬಿಸಿನೀರಿನ ಶವರ್ ಕೆಳಗೆ ನಿಂತುಕೊಳ್ಳಿ ಎಂದಳು. ಮತ್ತೆ ಮಾಡಿದೆವು. ಮತ್ತೆ ಬಿಸಿನೀರು. ಕೊನೆಗೆ ಅವಳು ಬಂದು ನೋಡಿ, ಈಗ ಆಸ್ಪತ್ರೆಗೆ ಹೊರಡುವ ಹೊತ್ತು ಮೀರಿತು, ಇಲ್ಲೇ ಆಗಲಿ ಎಂದಳು. ಮಗಳು ಹುಟ್ಟಿದಳು, ಚೆನ್ನಾಗಿ ಅತ್ತಳು. ಆದರೆ ನನ್ನ ರಕ್ತ ನಿಲ್ಲಲಿಲ್ಲ.

ಅವಳು ಸೂಜಿ ಚುಚ್ಚಿದಳು, ಹೊಟ್ಟೆ ಒತ್ತಿದಳು, ಮುಖ ಬಿಳಿಚಿಕೊಂಡು ಯಾರಿಗೋ ಫೋನು ಮಾಡಿದಳು. ಆಂಬ್ಯುಲೆನ್ಸ್ ಬಂತು, ಸ್ಟ್ರೆಚರ್ ಆ ಮೆಟ್ಟಿಲಲ್ಲಿ ತಿರುಗಲಿಲ್ಲ. ಬೆಂಕಿ ಆರಿಸುವವರು ಏಣಿಗಾಡಿ ತಂದು ನನ್ನನ್ನು ಕಿಟಕಿಯಿಂದ ಇಳಿಸಿದರು. ಕೆಳಗೆ ಇಡೀ ಬೀದಿ ನಿಂತು ನೋಡುತ್ತಿತ್ತು. ನೆನಪಿರುವುದು ಅಷ್ಟೇ.

ಉಳಿದುಕೊಂಡೆ. ಯಾರ್ಯಾರದೋ ರಕ್ತ ಕೊಟ್ಟು ಉಳಿಸಿದರು, ಅದನ್ನು ಇಲ್ಲವೆನ್ನುವುದಿಲ್ಲ. ಕಣ್ಣು ಬಿಟ್ಟಾಗ ಗಂಡ ಒಂದು ಮಾತು ಹೇಳಿದ. ಅವನು ಜಂಗಮಕೋಟೆಗೆ ಫೋನು ಮಾಡಿ ವಿಷಯ ತಿಳಿಸಿದಾಗ ಅಮ್ಮ ಗೋಳೋ ಎಂದು ಅತ್ತು, "ನನಗೂ ಹಿಂಗೇ ಆಗಿತ್ತಪ್ಪ" ಎಂದಳಂತೆ.

ಮಾರನೆಯ ದಿನ ನೋಡಲು ಬಂದ ಸೂಲಗಿತ್ತಿಗೆ ಅದನ್ನು ಹೇಳಿದೆ. "ಮೊದಲೇ ಹೇಳಿದ್ದರೆ ಆಸ್ಪತ್ರೆಯಲ್ಲೇ ಮಾಡಿಸುತ್ತಿದ್ದೆವು. ನೀವು ತೊಂದರೆ ಇರಲಿಲ್ಲ ಎಂದಿರಿ" ಎಂದಳು. ಎದ್ದು ಕೂರುವ ಶಕ್ತಿ ಇದ್ದಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದೆನೋ ಏನೋ. ಅಷ್ಟು ಸಲ ಅಂಗಲಾಚಿದ ನನ್ನ ಭಯ ಅವರಿಗೆ ಕಾರಣವಾಗಲಿಲ್ಲ. ನನ್ನನ್ನು ಮುಟ್ಟಿ ನೋಡಿ ತಿಳಿಯಬೇಕಾದವರು ನನ್ನ ಬಾಯಿಮಾತನ್ನು ನಂಬಿಕೊಂಡು ಕೂತಿದ್ದರು. ತಪ್ಪಾದಾಗ ಅದೇ ಮಾತನ್ನು ನನ್ನ ಮುಖಕ್ಕೆ ಎಸೆದರು.

ಅಮ್ಮನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಬಸುರಿ ಮುಂದೆ ಅಂಥ ಮಾತು ಆಡಬಾರ್ದು ಕಣೇ, ಒಳ್ಳೇದಲ್ಲ" ಎಂದಳು ಫೋನಿನಲ್ಲಿ. "ನಾನು ಸತ್ತಿದ್ರೆ ಒಳ್ಳೇದಾಗ್ತಿತ್ತಾ?" ಎಂದು ಕಿರುಚಿ ಫೋನಿಟ್ಟೆ. ಆಮೇಲೆ ಬಹಳ ದಿನ ಮಾತಾಡಲಿಲ್ಲ.

ಈ ವರ್ಷ ಮಗಳನ್ನು ಕರೆದುಕೊಂಡು ಊರಿಗೆ ಬಂದೆ. ಗೌರಿಬಿದನೂರಿಗೆ ಕೊಟ್ಟಿರುವ ತಂಗಿ ಬಸುರಿ. ಅಲ್ಲಿಯ ಡಾಕ್ಟರಮ್ಮನಿಗೆ ತೋರಿಸಲು ನಾವೆಲ್ಲ ಜೊತೆಗೆ ಹೋದೆವು. ಕೋಣೆಯ ಒಳಗೂ ಬಾಗಿಲಲ್ಲೂ ಟೋಕನ್ ಹಿಡಿದ ಹೆಂಗಸರು. ಡಾಕ್ಟರಮ್ಮ ತಂಗಿಯ ಹೊಟ್ಟೆ ಮುಟ್ಟಿ ನೋಡಿ, ಬಿಪಿ ನೋಡಿ, ಅಮ್ಮನ ಕಡೆ ತಿರುಗಿ, "ನಿಮಗೆ ಹೆರಿಗೇಲಿ ಏನಾದ್ರೂ ತೊಂದ್ರೆ ಆಗಿತ್ತಾ?" ಎಂದು ಕೇಳಿದರು.

"ಇಲ್ಲಮ್ಮ, ಏನೂ ಇಲ್ಲ" ಎಂದಳು ಅಮ್ಮ.

ನಾನು ಪಕ್ಕದಲ್ಲೇ ಕೂತಿದ್ದೆ! ಕೋಣೆ, ಜನ ಯಾವುದನ್ನೂ ನೋಡದೆ, "ಸುಳ್ಳು! ಹೇಳಮ್ಮ, ನಿಜ ಹೇಳು!" ಎಂದು ಕೂಗಿದೆ. ತೊಡೆಯ ಮೇಲಿದ್ದ ಮಗಳು ಬೆಚ್ಚಿ ಅಳತೊಡಗಿದಳು.

"ಇವಳು ಹೊರಗೆ ಹೋಗ್ಲಿ, ಹೇಳ್ತೀನಿ" ಎಂದು ಅಮ್ಮ ತಂಗಿಯ ಕಡೆ ತೋರಿಸಿದಳು.

"ನಾನು ಹೋಗಲ್ಲ" ಎಂದಳು ತಂಗಿ.

ಅಮ್ಮ ಮೇಜು ನೋಡುತ್ತ ಹೇಳಿದಳು. ಅವಳು ನನ್ನನ್ನು ಹೆತ್ತದ್ದು ಮನೆಯಲ್ಲೇ. ರಕ್ತ ನಿಲ್ಲದೆ ಅವಳನ್ನು ಹಾಲಿನ ವ್ಯಾನಿನಲ್ಲಿ ಮಲಗಿಸಿ ಶಿಡ್ಲಘಟ್ಟಕ್ಕೆ ಸಾಗಿಸಿದ್ದರು. ಚಿಕ್ಕಪ್ಪ ರಕ್ತ ಕೊಟ್ಟಿದ್ದ. ಎಲ್ಲರೂ ಆಸೆ ಬಿಟ್ಟಿದ್ದರು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ತಂಗಿಯ ಹೆರಿಗೆ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು, ರಕ್ತವನ್ನು ಮೊದಲೇ ತಯಾರು ಮಾಡಿಕೊಂಡಿರಬೇಕು ಎಂದರು.

"ಇಷ್ಟು ವರ್ಷ ಯಾಕಮ್ಮ ಮುಚ್ಚಿಟ್ಟೆ?" ನಾನು ಇನ್ನೂ ಕೂಗುತ್ತಲೇ ಇದ್ದೆ.

"ಹೆಂಗೆ ಹೇಳ್ಲಿ? ನಾನು ಕಣ್ ಬಿಟ್ಟಾಗ ನಿಮ್ಮಜ್ಜಿ, 'ಹುಟ್ತಾನೇ ತಾಯಿನ ತಿನ್ನಕ್ಕೆ ಬಂದವಳೇ' ಅಂತಿದ್ರು ನಿನ್ನ. ಆ ಮಾತು ಮತ್ತೆ ಯಾರೂ ಎತ್ತಬಾರ್ದು ಅಂತ ಎಲ್ಲರ ಕೈಲೂ ಆಣೆ ಹಾಕಿಸ್ಕೊಂಡೆ." ಅಮ್ಮ ನನ್ನ ಮಗಳ ಕಡೆ ನೋಡಿದಳು. "ಈಗ ಇಷ್ಟು ಜನದ ಮುಂದೆ ಹೇಳಿಸ್ದೆ, ಈ ಕೂಸಿಗೂ ಅದನ್ನೇ ಅಂತಾರೆ."

"ಅಂದವರ ನಾಲಿಗೆ ಸೀಳ್ತೀನಿ! ಇವಳಿಗೆ ಬುದ್ಧಿ ಬರ್ಲಿ, ನಾನೇ ಹೇಳ್ತೀನಿ. ನಿನ್ ಹೆತ್ತಾಗ ನನಗೆ ರಕ್ತ ಹೋಯ್ತು, ಅದು ನಿನ್ ತಪ್ಪಲ್ಲ ಅಂತ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಎಲ್ಲರೆದುರೇ ಕೈ ಚಾಚಿ ನನ್ನ ತಲೆ ಸವರಿ, "ನಿನ್ ತಪ್ಪೂ ಅಲ್ಲ ಕಣಮ್ಮ" ಎಂದಳು.